ರ ಗ ಸ ದ ಅ ಮತ್ತು ಲೆಸ್ಟರ್‌ನ ಒಂದನೇ ತರಗತಿ

ಇಂಗ್ಲೆಂಡಿನ ಲೆಸ್ಟರ್ ನಗರದ ಪ್ರಾಥಮಿಕ ಶಾಲೆಯೊಂದಕ್ಕೆ ನಾನು ಸಹಾಯಕನಾಗಿ ಸೇರಿದ್ದು 2013ರ ಸೆಪ್ಟೆಂಬರ್‌ನಲ್ಲಿ. ಆಗಷ್ಟೇ ನಾಲ್ಕು ವರ್ಷ ತುಂಬಿದ ಮಕ್ಕಳೂ ಇದ್ದ, ಒಂದನೇ ತರಗತಿಗೂ ಮೊದಲಿನ ರಿಸೆಪ್ಷನ್ ತರಗತಿಯಲ್ಲಿ, ಚಾಪೆಯ ಮೇಲೆ ಕುಳಿತ ಮಕ್ಕಳ ಮುಂದೆ ಶಿಕ್ಷಕಿ ಒಂದೊಂದೇ ಅಕ್ಷರದ ಕಾರ್ಡನ್ನು ಎತ್ತಿ ಹಿಡಿಯುತ್ತಿದ್ದರು. ಎ, ಬಿ, ಸಿ ಎಂದು ಪಾಠ ಆರಂಭವಾಗುವುದೆಂದು ಕಾದಿದ್ದ ನನಗೆ ಕೇಳಿಸಿದ್ದು ಬೇರೆಯೇ ಕ್ರಮ: ಎಸ್, ಎ, ಟಿ, ಪಿ, ಐ, ಎನ್. ಅದೂ ಅಕ್ಷರಗಳ ಹೆಸರುಗಳಲ್ಲ, ಅವು ಬಾಯಲ್ಲಿ ಹೊರಡಿಸುವ ಧ್ವನಿಗಳು ಮಾತ್ರ. ಈ ಆರು ಅಕ್ಷರಗಳನ್ನು ತಿಳಿದ ಮಗು ಕೆಲವೇ ದಿನಗಳಲ್ಲಿ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್ ಎಂಬ ಪದಗಳನ್ನು ತಾನಾಗಿ ಕೂಡಿಸಿ ಓದಬಲ್ಲದು ಎಂಬುದು ಆ ಕ್ರಮದ ಹಿಂದಿನ ತರ್ಕ. ನನ್ನ ಮನಸ್ಸು ಅಷ್ಟರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯ ಹೆಂಚಿನ ಕೊಠಡಿಗೆ ಹೋಗಿತ್ತು. ಅಲ್ಲಿಯೂ ನಮ್ಮ ಮಕ್ಕಳು ಅ, ಆ, ಇ, ಈ ಎಂದು ಆರಂಭಿಸುತ್ತಿರಲಿಲ್ಲ. ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯ ಮೊದಲ ಮೆಟ್ಟಿಲು ರ, ಗ, ಸ, ದ, ಅ. ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ದಸರ, ಗರಗಸ ಎಂದು ಓದಿ, ತಾನು ಓದಬಲ್ಲೆ ಎಂಬ ಧೈರ್ಯವನ್ನು ಮೊದಲ ತಿಂಗಳಲ್ಲೇ ಪಡೆಯುತ್ತಿತ್ತು.

ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು ಅಂತರದ ಎರಡು ಊರುಗಳಲ್ಲಿ, ಒಬ್ಬರನ್ನೊಬ್ಬರು ಕಾಣದ ಶಿಕ್ಷಕರು ಮಗುವಿನ ಕಲಿಕೆಯ ಬಗ್ಗೆ ಒಂದೇ ತೀರ್ಮಾನಕ್ಕೆ ಬಂದಿದ್ದರು ಎಂಬುದು ನನಗೆ ಆ ಹೊತ್ತು ಬಹಳ ದೊಡ್ಡ ಸಮಾಧಾನವನ್ನು ತಂದಿತು. ಆದರೆ ಈ ಹೋಲಿಕೆ ಮೊದಲ ಮೆಟ್ಟಿಲಿನಲ್ಲಿಯೇ ಮುಗಿಯುತ್ತದೆ ಎಂಬುದು ಮುಂದಿನ ವರ್ಷಗಳಲ್ಲಿ ಅರಿವಾಯಿತು. ಹಿಂದೆ ಬೀಳುತ್ತಿರುವ ಮಗುವನ್ನು ಇಲ್ಲಿಯ ಶಾಲೆ ಬಹಳ ಬೇಗ ಗುರುತಿಸುತ್ತದೆ, ಆದರೆ ಅದಕ್ಕಾಗಿ ಕಾಯುವುದಿಲ್ಲ. ನಮ್ಮ ನಲಿ-ಕಲಿಗೆ ಕಾಯುವುದು ಗೊತ್ತಿತ್ತು, ಆದರೆ ಗುರುತಿಸುವುದಕ್ಕೆ ಬೇಕಾದ ಕಣ್ಣು ಮತ್ತು ಕೈಗಳು ಕೊಠಡಿಯಲ್ಲಿ ಇರಲಿಲ್ಲ.

ನನ್ನ ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. 2003ರಿಂದ 2012ರವರೆಗೆ ನಾನು ಕಬಿನಿ ಹಿನ್ನೀರಿನ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಒಂದರಿಂದ ಐದನೇ ತರಗತಿಯವರೆಗೆ ನಾವು ಇಬ್ಬರು ಶಿಕ್ಷಕರು. ಹೆಂಡತಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ದಾದಿಯ ಕೆಲಸ ದೊರೆತಾಗ ಕುಟುಂಬ ಸಮೇತ ಬಂದೆವು. ನನ್ನ ಡಿ.ಎಡ್. ಆಗಲಿ, ಮುಕ್ತ ವಿಶ್ವವಿದ್ಯಾಲಯದಿಂದ ಪಡೆದ ಬಿ.ಎ. ಆಗಲಿ, ಒಂಬತ್ತು ವರ್ಷದ ಅನುಭವವಾಗಲಿ ಇಲ್ಲಿ ತರಗತಿಯ ಹೊಣೆ ಹೊರುವುದಕ್ಕೆ ಸಾಲುತ್ತಿರಲಿಲ್ಲ. ಇಂಗ್ಲಿಷ್, ಗಣಿತ, ವಿಜ್ಞಾನಗಳಲ್ಲಿ ಇಲ್ಲಿಯ ಹದಿನಾರರ ವಯಸ್ಸಿನ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಮಟ್ಟವನ್ನು ತೋರಿಸಿ, ಒಂದು ವರ್ಷ ತರಬೇತಿ ಪಡೆದು, 2017ರಲ್ಲಿ ಒಂದನೇ ತರಗತಿಯ ಶಿಕ್ಷಕನಾದೆ. ಚಿಕ್ಕ ಮಕ್ಕಳ ತರಗತಿಗಳಲ್ಲಿ ಗಂಡು ಶಿಕ್ಷಕರು ಇಲ್ಲಿ ಅಪರೂಪ. ನಮ್ಮ ತಾಲ್ಲೂಕಿನಲ್ಲಿ ಒಂದನೇ ತರಗತಿಯ ಮಗುವಿನ ಮೂಗು ಒರೆಸುವ ಮೇಷ್ಟ್ರನ್ನು ಕಂಡು ಯಾರೂ ಬೆರಗಾಗುತ್ತಿರಲಿಲ್ಲ.

ಓದುವುದನ್ನು ಕಲಿಸುವ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ದಿನದ ಏರಿಳಿತವೆಲ್ಲ ಅದನ್ನೇ ಹೊಂದಿಕೊಂಡಿದೆ. ಕನ್ನಡದಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49 ಅಕ್ಷರಗಳು. ಅದರ ಮೇಲೆ ಕಾಗುಣಿತ, ಒತ್ತಕ್ಷರಗಳು ಕೂಡಿದರೆ ಮಗು ನೆನಪಿಟ್ಟುಕೊಳ್ಳಬೇಕಾದ ರೂಪಗಳು ನೂರಾರು. ಈ ರಾಶಿಯನ್ನು ಕಂಡು ಹೆದರುವ ಮಗುವಿಗೆ ನಾವು ಕೊಡಬಹುದಾದ ಒಂದು ಭರವಸೆ ಇದೆ: ಒಮ್ಮೆ ಕಲಿತ ಅಕ್ಷರ ಮತ್ತೆ ಮೋಸ ಮಾಡುವುದಿಲ್ಲ. 'ಗ' ಎಲ್ಲಿ ಬಂದರೂ 'ಗ'ವೇ. ಇಂಗ್ಲಿಷಿನಲ್ಲಿ ಅಕ್ಷರಗಳು ಕೇವಲ 26, ಆದರೆ ಅವು ಸೂಚಿಸಬೇಕಾದ ಧ್ವನಿಗಳು ಸುಮಾರು 44. ಹಾಗಾಗಿ 'ಹಾಪ್' ಎಂಬ ಪದದ ಕೊನೆಗೆ ಒಂದು 'ಇ' ಬಂದು ಕುಳಿತರೆ ತಾನು ಮೌನವಾಗಿದ್ದೇ ಮೊದಲಿನ ಸ್ವರವನ್ನು ಬದಲಿಸಿ ಅದನ್ನು 'ಹೋಪ್' ಮಾಡುತ್ತದೆ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳ ಗುಂಪು ಥ್ರೂ, ದೋ, ಕಾಫ್, ಬೌ ಎಂಬ ನಾಲ್ಕು ಪದಗಳಲ್ಲಿ ನಾಲ್ಕು ರೀತಿ ನುಡಿಯುತ್ತದೆ. ಇಲ್ಲಿ ನಾನು ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆಯಷ್ಟು ಹೊತ್ತು ಈ ಧ್ವನಿಪಾಠ ಮಾಡುತ್ತೇನೆ. ರಿಸೆಪ್ಷನ್‌ನಿಂದ ಎರಡನೇ ತರಗತಿಯವರೆಗೆ ಇದು ತಪ್ಪದೆ ನಡೆಯುತ್ತದೆ. ಮನೆಯಲ್ಲಿಯೂ ಇಂಗ್ಲಿಷನ್ನೇ ಆಡುವ, ರಾತ್ರಿ ಮಲಗುವ ಮುನ್ನ ಕತೆ ಓದಿಸಿಕೊಳ್ಳುವ ಮಕ್ಕಳಿಗೂ ಇಷ್ಟು ಕಾಲ, ಇಷ್ಟು ಕೈಗಳು ಬೇಕಾಗುತ್ತವೆ.

ನಮ್ಮ ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿ, ಒಂದನೇ ತರಗತಿಯಿಂದಲೇ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದೇವೆ ಎಂಬ ಮಾತನ್ನು ಸಂತೋಷದಿಂದ ಹೇಳುವವರು ಬಹಳ. 2019ರಿಂದ ಸರ್ಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಆ ತಂದೆತಾಯಿಗಳ ಆಸೆಯನ್ನು ನಾನು ಗೌರವಿಸುತ್ತೇನೆ. ಇಂಗ್ಲಿಷ್ ಬಾರದ ಕಾರಣಕ್ಕೆ ಕಚೇರಿಗಳಲ್ಲಿ ಅವಮಾನ ಅನುಭವಿಸಿದವರ ಆಸೆ ಅದು. ಆದರೆ ಇಂಗ್ಲಿಷಿನ ತವರಿನಲ್ಲಿ ಇಂಗ್ಲಿಷ್ ಓದನ್ನು ಕಲಿಸುವವನಾಗಿ ನನಗೆ ಹೇಳಲೇಬೇಕೆನಿಸುತ್ತದೆ: ಮನೆಯಲ್ಲಿ ಆ ಭಾಷೆಯ ಒಂದು ವಾಕ್ಯವೂ ಕೇಳಿಸದ ಮಗುವಿಗೆ, ಓದು ಎಂಬುದರ ಮೊದಲ ಪರಿಚಯವನ್ನೇ ಇಷ್ಟು ಕಠಿಣವಾದ ಕಾಗುಣಿತದ ಮೂಲಕ ಮಾಡಿಸುವುದು ಆ ಮಗುವಿಗೆ ಮಾಡುವ ಅನ್ಯಾಯ. ಓದುವುದು ಎಂದರೇನು ಎಂಬುದನ್ನು ಮಗು ತನಗೆ ಅರ್ಥವಾಗುವ ಭಾಷೆಯಲ್ಲಿ, ಮೋಸ ಮಾಡದ ಅಕ್ಷರಗಳಲ್ಲಿ ಮೊದಲು ತಿಳಿಯಲಿ. ಇಲ್ಲಿಯ ನಮ್ಮ ಶಾಲೆಯಲ್ಲಿ ಗುಜರಾತಿ, ಸೊಮಾಲಿ, ಪೋಲಿಷ್ ಆಡುವ ಮನೆಗಳ ತಾಯಂದಿರು "ಇನ್ನು ಮೇಲೆ ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಬೇಕೆ" ಎಂದು ಕೇಳಿದಾಗ, ಬೇಡ, ನಿಮ್ಮ ಭಾಷೆಯಲ್ಲಿಯೇ ಕತೆ ಹೇಳಿ ಎಂದು ನಾವು ಬಿಡಿಸಿ ಹೇಳುತ್ತೇವೆ. ಲೆಸ್ಟರ್‌ನಲ್ಲಿ ಮಗುವಿನ ಮನೆಮಾತಿಗೆ ಸಿಗುವ ಈ ಮರ್ಯಾದೆ ಮೈಸೂರು ಜಿಲ್ಲೆಯಲ್ಲಿ ಕನ್ನಡಕ್ಕೆ ಸಿಗದೆ ಹೋಗಬಾರದು.

ಇನ್ನು ಇಲ್ಲಿಯ ಪದ್ಧತಿಯಲ್ಲಿ ನನ್ನನ್ನು ಅತಿ ಹೆಚ್ಚು ಬಾಧಿಸುವ ಸಂಗತಿಗೆ ಬರುತ್ತೇನೆ. ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ತರಗತಿಯ ಪ್ರತಿಯೊಂದು ಮಗುವಿಗೂ ಜೂನ್ ತಿಂಗಳಲ್ಲಿ ಧ್ವನಿ ಪರಿಶೀಲನೆ ಎಂಬ ಪರೀಕ್ಷೆ ಇದೆ. ಶಿಕ್ಷಕ ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು 40 ಪದಗಳನ್ನು ಓದಿಸುತ್ತಾನೆ. ಅವುಗಳಲ್ಲಿ 20 ನಿಜವಾದ ಪದಗಳು, ಉಳಿದ 20 ಅರ್ಥವಿಲ್ಲದ ಪದಗಳು; ಮಗುವಿಗೆ ಗೊಂದಲವಾಗದಿರಲೆಂದು ಅರ್ಥವಿಲ್ಲದ ಪದಗಳ ಪಕ್ಕದಲ್ಲಿ ಅನ್ಯಗ್ರಹದ ಪ್ರಾಣಿಯ ಚಿತ್ರ ಇರುತ್ತದೆ. ಸಾಮಾನ್ಯವಾಗಿ 32 ಪದಗಳನ್ನು ಸರಿಯಾಗಿ ಓದಿದ ಮಗು ನಿಗದಿತ ಮಟ್ಟವನ್ನು ತಲುಪಿದೆ ಎಂದು ದಾಖಲಾಗುತ್ತದೆ. ತಲುಪದ ಮಗು ಎರಡನೇ ತರಗತಿಯ ಜೂನ್‌ನಲ್ಲಿ ಮತ್ತೆ ಓದಬೇಕು. ಪರೀಕ್ಷೆಯ ಉದ್ದೇಶ ಒಳ್ಳೆಯದೇ. ಮಗು ಪದದ ಚಿತ್ರವನ್ನು ಊಹಿಸುತ್ತಿದೆಯೋ, ನಿಜವಾಗಿ ಧ್ವನಿಗಳನ್ನು ಕೂಡಿಸುತ್ತಿದೆಯೋ ಎಂಬುದನ್ನು ಅರ್ಥವಿಲ್ಲದ ಪದ ಬಯಲು ಮಾಡುತ್ತದೆ. ಆದರೆ ಮನೆಯಲ್ಲಿ ಪುಸ್ತಕಗಳ ನಡುವೆ ಬೆಳೆದು ಸರಾಗವಾಗಿ ಓದುವ ಮಗು, 'ಸ್ಟ್ರೋಮ್' ಎಂಬಂತಹ ಪದವನ್ನು ಕಂಡಾಗ ಅರ್ಥವನ್ನು ಹುಡುಕಿ 'ಸ್ಟಾರ್ಮ್' ಎಂದು ಓದಿ ಅಂಕ ಕಳೆದುಕೊಳ್ಳುವುದೂ ಉಂಟು. ಅರ್ಥಕ್ಕಾಗಿ ಹುಡುಕುವುದೇ ಓದು ಎಂದು ವರ್ಷವಿಡೀ ಕತೆ ಹೇಳುತ್ತಾ ಕಲಿಸಿದ ನಾನು, ಆ ಕ್ಷಣದಲ್ಲಿ ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಮುಂದಿನ ಪದಕ್ಕೆ ಬೆರಳಿಡಬೇಕು.

ಇದಕ್ಕಿಂತ ದೊಡ್ಡ ತೊಂದರೆ ವಯಸ್ಸಿನದು. ಇಲ್ಲಿ ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರವರೆಗೆ ಹುಟ್ಟಿದ ಮಕ್ಕಳೆಲ್ಲ ಒಂದೇ ತರಗತಿ. ಆಗಸ್ಟ್ ಕೊನೆಯಲ್ಲಿ ಹುಟ್ಟಿದ ಮಗು ನಾಲ್ಕು ತುಂಬಿ ಕೆಲವೇ ದಿನಗಳಲ್ಲಿ ಶಾಲೆಯ ಸಮವಸ್ತ್ರ ತೊಟ್ಟು ಬರುತ್ತದೆ. ಅದರ ಪಕ್ಕದಲ್ಲಿ ಕೂರುವ ಸೆಪ್ಟೆಂಬರ್ ಮಗುವಿಗೆ ಆಗಲೇ ಐದು. ಒಂದನೇ ತರಗತಿಯ ಜೂನ್‌ನಲ್ಲಿ ಒಬ್ಬನಿಗೆ ಆರು ವರ್ಷ ಒಂಬತ್ತು ತಿಂಗಳು, ಇನ್ನೊಬ್ಬನಿಗೆ ಐದು ವರ್ಷ ಒಂಬತ್ತು ತಿಂಗಳು. ಪದಗಳು ಅವೇ 40, ಮಟ್ಟವೂ ಅದೇ. ಆ ಪ್ರಾಯದಲ್ಲಿ ಒಂದು ವರ್ಷವೆಂದರೆ ಮಗುವಿನ ಬದುಕಿನ ಆರನೆಯ ಒಂದು ಪಾಲು. ಜುಲೈನಲ್ಲಿ ನಾನು ಬರೆಯಬೇಕಾದ ವರದಿಗಳಲ್ಲಿ "ತಲುಪಿಲ್ಲ" ಎಂಬ ಪದವನ್ನು ಹೊತ್ತು ಮನೆಗೆ ಹೋಗುವ ಮಕ್ಕಳ ಹುಟ್ಟಿದ ದಿನಗಳನ್ನು ನೋಡಿದಾಗ, ಬೇಸಿಗೆಯ ತಿಂಗಳುಗಳೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಕಲಿಯುವ ಶಕ್ತಿ ಕಡಿಮೆಯಿದ್ದ ಮಕ್ಕಳಲ್ಲ ಅವರು, ಚಿಕ್ಕವರಷ್ಟೇ.

ನಲಿ-ಕಲಿಯನ್ನು ಹೊರನಾಡಿನಲ್ಲಿ ನಿಂತು ನೋಡಿದಾಗ ಅದರ ಬೆಲೆ ತಿಳಿಯುವುದು ಇಲ್ಲಿಯೇ. ಆಂಧ್ರಪ್ರದೇಶದ ಋಷಿ ಕಣಿವೆಯ (ರಿಷಿ ವ್ಯಾಲಿ) ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್‌ನ ನೆರವಿನಿಂದ 1995ರಲ್ಲಿ ಅದು ಆರಂಭವಾದದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ. ಅದರ ಕಾರ್ಡುಗಳನ್ನೂ ಹಾಡುಗಳನ್ನೂ ರೂಪಿಸಿದವರಲ್ಲಿ ಅಲ್ಲಿಯ ಶಾಲಾ ಶಿಕ್ಷಕರಿದ್ದರು. 2009-10ರಲ್ಲಿ ಅದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಗೋಡೆಯ ಮೇಲೆ ಕಲಿಕೆಯ ಮೆಟ್ಟಿಲುಗಳನ್ನು ಚಿಹ್ನೆಗಳಲ್ಲಿ ತೋರಿಸುವ ಕಲಿಕಾ ಏಣಿ, ಮಗುವಿನ ಎತ್ತರಕ್ಕೆ ಸುತ್ತಲೂ ಬಳಿದ ಕಪ್ಪು ಹಲಗೆ, ತಲೆಯ ಮೇಲೆ ಮಕ್ಕಳ ಚಿತ್ರಗಳನ್ನು ತೂಗುಹಾಕಿದ ಚಪ್ಪರ, ನೆಲದ ಮೇಲೆ ಪ್ರತಿ ಗುಂಪಿನ ಜಾಗವನ್ನು ಗುರುತಿಸುವ ಐದು ಗುಂಪು ತಟ್ಟೆಗಳು. ಶಿಕ್ಷಕರ ಪೂರ್ಣ ಸಹಾಯ ಬೇಕಾದ ಮಗು ಒಂದು ತಟ್ಟೆಯ ಸುತ್ತ, ಗೆಳೆಯರ ಸಹಾಯ ಸಾಕಾದ ಮಗು ಮತ್ತೊಂದರ ಸುತ್ತ, ತಾನೇ ಕಲಿಯಬಲ್ಲ ಮಗು ಇನ್ನೊಂದರ ಸುತ್ತ ಕೂರುತ್ತಿತ್ತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿದ್ದುದರಿಂದ, ಯಾವ ಮಗು ಯಾವ ತರಗತಿಯದು ಎಂಬುದಕ್ಕಿಂತ ಅದು ಏಣಿಯ ಯಾವ ಮೆಟ್ಟಿಲಿನಲ್ಲಿದೆ ಎಂಬುದೇ ಮುಖ್ಯವಾಗಿತ್ತು.

ಇದರ ಅರ್ಥ ನಮಗೆ ಅತಿ ಸ್ಪಷ್ಟವಾಗುತ್ತಿದ್ದುದು ಕಾಫಿ ಕೊಯ್ಲಿನ ಕಾಲದಲ್ಲಿ. ಡಿಸೆಂಬರ್ ಬಂತೆಂದರೆ ಬುಡಕಟ್ಟು ಜನರ ವಸತಿಗಳಾದ ಹಾಡಿಗಳ ಕುಟುಂಬಗಳು ಕೊಡಗಿನ ತೋಟಗಳಿಗೆ ಹೊರಡುತ್ತಿದ್ದವು, ಮಕ್ಕಳೂ ಜೊತೆಗೆ ಹೋಗುತ್ತಿದ್ದರು. ಎರಡು ಮೂರು ತಿಂಗಳ ಬಳಿಕ ಅವರು ಮರಳಿ ಬಂದಾಗ, ಪಠ್ಯಪುಸ್ತಕ ಹಿಡಿದು ಪಾಠ ಮಾಡುವ ತರಗತಿಯಾಗಿದ್ದರೆ ಇಡೀ ಕೊಠಡಿ ಅವರನ್ನು ಬಿಟ್ಟು ಹನ್ನೆರಡು ಪಾಠ ಮುಂದೆ ಹೋಗಿರುತ್ತಿತ್ತು. ನಮ್ಮಲ್ಲಿ ಮಗು ಬಂದು, ಏಣಿಯ ಮುಂದೆ ನಿಂತು, ತಾನು ಬಿಟ್ಟುಹೋದ ಮೆಟ್ಟಿಲಿನ ಚಿಹ್ನೆಯನ್ನು ಗುರುತಿಸಿ, ಆ ಚಿಹ್ನೆಯ ಕಾರ್ಡನ್ನು ತಾನೇ ತೆಗೆದುಕೊಂಡು ಕೂರುತ್ತಿತ್ತು. ಅಲ್ಲಿಂದಲೇ ಅದರ ಕಲಿಕೆ ಮುಂದುವರಿಯುತ್ತಿತ್ತು. ಶಾಲೆ ಬಿಟ್ಟು ಹೋದ ಮಗುವನ್ನು ನಾಚಿಕೆಪಡಿಸದೆ ಮರಳಿ ಸೇರಿಸಿಕೊಳ್ಳುವ ವ್ಯವಸ್ಥೆಯನ್ನು ಇದಕ್ಕಿಂತ ಸರಳವಾಗಿ ಮಾಡಿದವರನ್ನು ನಾನು ಈವರೆಗೆ ಕಂಡಿಲ್ಲ.

ಲೆಸ್ಟರ್‌ನಲ್ಲಿಯೂ ಕುಟುಂಬಗಳು ಹೊರಡುತ್ತವೆ, ಬೇರೆ ಕಾರಣಗಳಿಗೆ. 1972ರಲ್ಲಿ ಉಗಾಂಡಾದಿಂದ ಹೊರಹಾಕಲ್ಪಟ್ಟು ಬಂದ ಭಾರತೀಯ ಮೂಲದವರ ಮೂರನೇ ನಾಲ್ಕನೇ ತಲೆಮಾರಿನ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಹಿಂದೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ದಿಯು, ದಮನ್‌ಗಳಿಂದ ಪೋರ್ಚುಗೀಸ್ ಪೌರತ್ವದ ಹಾದಿಯಲ್ಲಿ ಬಂದವರ ಮಕ್ಕಳೂ ಇದ್ದಾರೆ. ಊರಿನಲ್ಲಿ ಚಿಕ್ಕಪ್ಪನ ಮದುವೆ, ಅಜ್ಜಿಯ ಕಾಯಿಲೆ ಎಂದರೆ ಚಳಿಗಾಲದಲ್ಲಿ ಹೋಗಲೇಬೇಕು. ಇಲ್ಲಿ ಅನುಮತಿಯಿಲ್ಲದೆ ಹತ್ತು ವಾರಗಳ ಅವಧಿಯಲ್ಲಿ ಹತ್ತು ಅರ್ಧದಿನ, ಎಂದರೆ ಐದು ದಿನ, ತಪ್ಪಿಸಿದ ಮಗುವಿನ ತಂದೆತಾಯಿಗೆ ದಂಡ ವಿಧಿಸುವ ಅವಕಾಶವಿದೆ. 2024ರ ಆಗಸ್ಟ್‌ನಿಂದ ಅದು 21 ದಿನಗಳೊಳಗೆ ಕಟ್ಟಿದರೆ 80 ಪೌಂಡ್, ತಡವಾದರೆ 160 ಪೌಂಡ್. ಮಗು ದಿನವೂ ಶಾಲೆಯಲ್ಲಿರಬೇಕೆಂಬ ಹಟದಿಂದ ಅನೇಕ ಮಕ್ಕಳಿಗೆ ಒಳ್ಳೆಯದಾಗಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿ ವಾರಗಟ್ಟಲೆ ಖಾಲಿ ಉಳಿದ ಹೆಸರುಗಳನ್ನು ಯಾರೂ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಇಲ್ಲಿ ಬೆಳಿಗ್ಗೆ ಹಾಜರಿ ಮುಗಿದು ಸ್ವಲ್ಪ ಹೊತ್ತಿನಲ್ಲೇ ಕಚೇರಿಯಿಂದ ಮನೆಗೆ ಕರೆ ಹೋಗುತ್ತದೆ. ಆದರೆ ಮೂರು ವಾರ ಅಜ್ಜಿಯ ಬಳಿ ಇದ್ದು ಬಂದ ಮಗುವಿಗಾಗಿ ದಂಡದ ಚೀಟಿ ಕಾದಿರುತ್ತದೆ. ಅದು ಬಿಟ್ಟುಹೋದ ಮೆಟ್ಟಿಲನ್ನು ಕಾದಿರಿಸುವ ವ್ಯವಸ್ಥೆ ಇಲ್ಲ. ಮೂರು ವಾರದ ಧ್ವನಿಪಾಠ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ, ಸಂಜೆಯ ಹೊತ್ತು ಅಲ್ಲಿ ಇಲ್ಲಿ ಹತ್ತು ನಿಮಿಷ ಹೊಂದಿಸಿ ಅದನ್ನು ತುಂಬಿಸಬೇಕು.

ಇಷ್ಟು ಹೇಳಿದ ಮೇಲೆ, ನಮ್ಮ ಕೊಠಡಿಯಲ್ಲಿ ಇಲ್ಲದಿದ್ದುದರ ಬಗ್ಗೆ ಅಷ್ಟೇ ನೇರವಾಗಿ ಹೇಳಬೇಕು. ಇಲ್ಲಿ ಚಿಕ್ಕ ಮಕ್ಕಳ ತರಗತಿಯಲ್ಲಿ 30ಕ್ಕಿಂತ ಹೆಚ್ಚು ಮಕ್ಕಳು ಇರಬಾರದೆಂಬ ಕಾನೂನಿದೆ, ಮತ್ತು ನನ್ನ ಜೊತೆ ಬೆಳಗಿನ ಹೊತ್ತು ಒಬ್ಬ ಸಹಾಯಕಿ ಇರುತ್ತಾರೆ. ನಾನು ಮೂವತ್ತು ಮಂದಿಯ ಮುಂದೆ ಪಾಠ ಮಾಡುವಾಗ ಅವರು ಹಿಂದೆ ಕುಳಿತು, ಯಾವ ಮಗುವಿನ ತುಟಿ ಅಲುಗುತ್ತಿಲ್ಲ, ಯಾರು ಪಕ್ಕದವರ ಬಾಯಿ ನೋಡಿ ಹೇಳುತ್ತಿದ್ದಾರೆ ಎಂದು ಗಮನಿಸಿ, ಮಧ್ಯಾಹ್ನ ಆ ನಾಲ್ವರನ್ನು ಕರೆದುಕೊಂಡು ಅದೇ ಧ್ವನಿಯನ್ನು ಮತ್ತೆ ಹೇಳಿಕೊಡುತ್ತಾರೆ. 2005ರಿಂದ ಇಲ್ಲಿಯ ಶಿಕ್ಷಕರಿಗೆ ಬೋಧನೆಯ ಹೊತ್ತಿನ ಹತ್ತನೆಯ ಒಂದು ಭಾಗವನ್ನು ಪಾಠದ ಸಿದ್ಧತೆಗೆಂದೇ ಬಿಟ್ಟುಕೊಡಲಾಗಿದೆ. ನಲಿ-ಕಲಿಯ ಕೊಠಡಿಯಲ್ಲಿ ಐದು ತಟ್ಟೆಗಳು, ಐದು ಬಗೆಯ ಕೆಲಸ, ಶಿಕ್ಷಕ ಒಬ್ಬ. ಇನ್ನೊಬ್ಬ ಮೇಷ್ಟ್ರು ನಾಲ್ಕು ಐದನೇ ತರಗತಿಗೆ. ಒಬ್ಬರು ಸಭೆಗೋ, ತರಬೇತಿಗೋ, ಮತದಾರರ ಪಟ್ಟಿಯ ಕೆಲಸಕ್ಕೋ ಹೋದ ದಿನ ಐದೂ ತರಗತಿ ಒಬ್ಬರ ಪಾಲಿಗೆ. ಬಿಸಿಯೂಟದ ಅಕ್ಕಿಬೇಳೆಯ ಲೆಕ್ಕವೂ ನಮ್ಮದೇ. ಶಿಕ್ಷಣ ಹಕ್ಕು ಕಾಯ್ದೆ ಬಂದಾಗಲೂ ಜನಗಣತಿ, ಚುನಾವಣೆ, ವಿಪತ್ತು ಪರಿಹಾರದ ಕೆಲಸಗಳನ್ನು ಶಿಕ್ಷಕರ ಹೆಗಲಿನ ಮೇಲೆಯೇ ಉಳಿಸಲಾಯಿತು. ಶಿಕ್ಷಕರ ಪೂರ್ಣ ಸಹಾಯದ ತಟ್ಟೆಯ ಸುತ್ತ ಕುಳಿತ ಮಕ್ಕಳಿಗೆ ಪೂರ್ಣ ಸಹಾಯ ಸಿಕ್ಕ ದಿನಗಳನ್ನು ನಾನು ಎಣಿಸಬಲ್ಲೆ.

ಆ ತಟ್ಟೆಯ ಸುತ್ತ ಕುಳಿತಿದ್ದ ಒಬ್ಬಳು ಹುಡುಗಿಯನ್ನು ನಾನು ಮರೆತಿಲ್ಲ. ಜೇನುಕುರುಬರ ಹಾಡಿಯಿಂದ ಬರುತ್ತಿದ್ದವಳು. ಅವರ ಮನೆಮಾತು ಕನ್ನಡಕ್ಕೆ ಹತ್ತಿರದ್ದಾದರೂ ಕಾರ್ಡುಗಳಲ್ಲಿದ್ದ ಕನ್ನಡವಲ್ಲ, ನಾನು ಆಡುತ್ತಿದ್ದ ಕನ್ನಡವೂ ಅಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಆಕೆ ತರಗತಿಯಲ್ಲಿ ಒಂದು ಮಾತನ್ನೂ ಆಡಲಿಲ್ಲ. ಎದ್ದು ನಿಂತು ಹೇಳೆಂದು ಒತ್ತಾಯಿಸಿದೆ, ಸುಮ್ಮನೆ ನಿಲ್ಲುತ್ತಿದ್ದಳು. ಪ್ರಗತಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ "ಮಂದ" ಎಂದು ಬರೆದೆ. ಡಿಸೆಂಬರ್‌ನಲ್ಲಿ ಕುಟುಂಬ ಕೊಡಗಿಗೆ ಹೋಯಿತು. ಮುಂದಿನ ಯುಗಾದಿಯ ಹೊತ್ತಿಗೆ ಬೇರೆ ಮಕ್ಕಳು ಮರಳಿದರು, ಅವಳು ಬರಲಿಲ್ಲ.

ಲೆಸ್ಟರ್‌ನಲ್ಲಿ ನಾನು ತರಗತಿ ಶಿಕ್ಷಕನಾದ ಎರಡನೇ ವರ್ಷ, ದಿಯುವಿನಿಂದ ಬಂದ ಕುಟುಂಬದ ಐದು ವರ್ಷದ ಹುಡುಗನೊಬ್ಬ ಸೇರಿದ. ಅವನೂ ಸೆಪ್ಟೆಂಬರ್‌ನಿಂದ ಬಾಯಿ ಬಿಡಲಿಲ್ಲ. ನಾನು ಆತಂಕದಿಂದ ಶಾಲೆಯಲ್ಲಿ ಬಹುಭಾಷಾ ಮಕ್ಕಳ ಹೊಣೆ ಹೊತ್ತಿದ್ದ ಹಿರಿಯ ಸಹೋದ್ಯೋಗಿಯ ಬಳಿ ಹೋದೆ. ಅವರು ಹೇಳಿದ್ದು ಇಷ್ಟು: ಹೊಸ ಭಾಷೆಯೊಳಗೆ ಬಂದ ಮಗು ತಿಂಗಳುಗಟ್ಟಲೆ ಮೌನವಾಗಿರುವುದು ಸಹಜ, ಅದು ಕೇಳಿಸಿಕೊಳ್ಳುತ್ತಿರುವ ಕಾಲ, ಎದ್ದು ನಿಲ್ಲಿಸಬೇಡಿ, ಉತ್ತರವನ್ನು ಬೆರಳಿನಿಂದ ತೋರಿಸಲು ಬಿಡಿ, ಅವನ ಪಕ್ಕದಲ್ಲಿ ಮಾತುಗಾರ ಮಗುವನ್ನು ಕೂರಿಸಿ, ನೀವು ಅವನೊಡನೆ ಮಾತಾಡುತ್ತಲೇ ಇರಿ. ಫೆಬ್ರವರಿಯ ಒಂದು ಮಳೆಯ ದಿನ, ಅಂಗಳಕ್ಕೆ ಹೋಗಲಾಗದೆ ಮಕ್ಕಳೆಲ್ಲ ಒಳಗೇ ಆಡುತ್ತಿದ್ದಾಗ, ಮರದ ರೈಲಿನ ಎಂಜಿನ್ನನ್ನು ಗೆಳೆಯನ ಕೈಯಿಂದ ತೆಗೆದುಕೊಂಡು ಅವನು "ಮೈ ಟರ್ನ್" ಎಂದ. ಸಹಾಯಕಿ ನನ್ನತ್ತ ನೋಡಿದರು, ನಾನು ಅವರತ್ತ ನೋಡಿದೆ. ಇಬ್ಬರೂ ಏನೂ ನಡೆಯದವರಂತೆ ನಮ್ಮ ನಮ್ಮ ಕೆಲಸದಲ್ಲಿ ತೊಡಗಿದೆವು, ಅವನಿಗೆ ಸಂಕೋಚವಾಗಬಾರದೆಂದು. ಆ ದಿನ ಸಂಜೆ ಮನೆಗೆ ನಡೆದು ಹೋಗುವಾಗ ನನಗೆ ನೆನಪಾದದ್ದು ಹಾಡಿಯ ಹುಡುಗಿ. ಮಂದವಾಗಿದ್ದುದು ಅವಳ ಬುದ್ಧಿಯಲ್ಲ, ನನ್ನ ತಿಳಿವಳಿಕೆ. ಡಿ.ಎಡ್. ತರಬೇತಿಯ ಎರಡು ವರ್ಷಗಳಲ್ಲಿ ಮನೆಮಾತು ಬೇರೆಯಾದ ಮಗುವಿನ ಮೌನದ ಬಗ್ಗೆ ನನಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ತುಳು, ಕೊಂಕಣಿ, ಕೊಡವ, ಲಂಬಾಣಿ, ಉರ್ದು, ತೆಲುಗು, ಮರಾಠಿ ಆಡುವ ಮನೆಗಳಿಂದ ಮಕ್ಕಳು ಬರುವ ನಮ್ಮ ನಾಡಿನಲ್ಲಿ ಅದು ಮೊದಲ ತಿಂಗಳ ಪಾಠವಾಗಬೇಕಿತ್ತು.

ದಿನದ ಉಳಿದ ಭಾಗ ಎಲ್ಲಿಯೂ ಚಿಕ್ಕ ಮಕ್ಕಳ ಮೇಷ್ಟ್ರ ದಿನವೇ. ನವೆಂಬರ್‌ನಲ್ಲಿ ಮೂವತ್ತು ಕೋಟು, ಅರವತ್ತು ಕೈಗವಸುಗಳನ್ನು ಹಾಕಿಸಿ ಅಂಗಳಕ್ಕೆ ಕಳುಹಿಸುವಷ್ಟರಲ್ಲಿ ಆಟದ ಹೊತ್ತು ಅರ್ಧ ಕಳೆದಿರುತ್ತದೆ. ಬಿದ್ದು ಹಣೆ ತಗುಲಿಸಿಕೊಂಡ ಮಗುವಿನ ಮನೆಗೆ ಚೀಟಿ ಬರೆಯಬೇಕು. ಸಂಜೆ ನಾಲ್ಕಕ್ಕೆ ಕತ್ತಲಾಗುತ್ತಾ ಬರುವ ಡಿಸೆಂಬರ್ ದಿನಗಳಲ್ಲಿ ಮಕ್ಕಳ ಸಂಗಡ ನಾನೂ ಸೊರಗುತ್ತೇನೆ. ಊಟದ ವಿಷಯದಲ್ಲಿ ಮಾತ್ರ ನನಗೆ ನಮ್ಮ ಊರಿನ ಶಾಲೆಯೇ ಮೇಲೆನಿಸುತ್ತದೆ. ಇಲ್ಲಿ 2014ರಿಂದ ಎರಡನೇ ತರಗತಿಯವರೆಗಿನ ಮಕ್ಕಳಿಗೆಲ್ಲ ಊಟ ಉಚಿತ, ಆಯ್ಕೆಗಳೂ ಇವೆ. ಆದರೆ ಊಟದ ಹೊತ್ತಿಗೆ ಮಕ್ಕಳನ್ನು ಬೇರೆ ಮೇಲ್ವಿಚಾರಕರು ನೋಡಿಕೊಳ್ಳುತ್ತಾರೆ, ಶಿಕ್ಷಕರು ತಮ್ಮ ಕೊಠಡಿಯಲ್ಲಿ ಬೇರೆ ಉಣ್ಣುತ್ತಾರೆ. ನಾವು ಅಡುಗೆಯವರು ಬಡಿಸಿದ ಸಾಂಬಾರನ್ನು ಮೊದಲು ರುಚಿ ನೋಡಿ, ಮಕ್ಕಳ ಸಾಲಿನ ಕೊನೆಯಲ್ಲಿ ಕುಳಿತು ಅದೇ ಅನ್ನವನ್ನು ಉಣ್ಣುತ್ತಿದ್ದೆವು. ಯಾವ ಮಗು ಎರಡನೇ ಸಲ ಬಡಿಸಿಕೊಂಡಿತು, ಯಾವುದು ತಟ್ಟೆಯಲ್ಲಿ ಬಿಟ್ಟಿತು ಎಂಬುದರಿಂದ ಅದರ ಮನೆಯ ಸ್ಥಿತಿಯೂ ಮೈಯ ಸ್ಥಿತಿಯೂ ತಿಳಿಯುತ್ತಿತ್ತು.

ಬರಹದ ಹೊರೆ ಎರಡೂ ಕಡೆ ಇದೆ, ಅದರ ಬಗೆ ಬೇರೆ. ಅಲ್ಲಿ ನಾವು ಅಕ್ಕಿ, ಸಮವಸ್ತ್ರ, ವಿದ್ಯಾರ್ಥಿವೇತನಗಳ ಲೆಕ್ಕ ಬರೆಯುತ್ತಿದ್ದೆವು. ಇಲ್ಲಿ ನಾನು ಕಲಿಸಿದ್ದಕ್ಕೆ ಸಾಕ್ಷಿ ಬರೆಯುತ್ತೇನೆ. ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆಯಿಂದ ಮುನ್ನಾದಿನ ಕರೆ ಬಂತೆಂದರೆ ಶಾಲೆಯ ಉಸಿರಾಟವೇ ಬದಲಾಗುತ್ತದೆ. ಇಡೀ ಶಾಲೆಯನ್ನು ಒಂದೇ ಪದದಲ್ಲಿ ಅಳೆಯುವ ಅದರ ಪದ್ಧತಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟದ್ದು ನನ್ನಂತಹ ಅನೇಕರಿಗೆ ನೆಮ್ಮದಿ ತಂದಿತು. ಶಾಲೆಯನ್ನು ಒಂದು ಪದದಲ್ಲಿ ಅಳೆಯುವುದು ಸರಿಯಲ್ಲವೆಂದು ಒಪ್ಪಿದವರು, ಐದು ವರ್ಷ ಒಂಬತ್ತು ತಿಂಗಳ ಮಗುವನ್ನು "ತಲುಪಿಲ್ಲ" ಎಂಬ ಒಂದು ಪದದಲ್ಲಿ ಅಳೆಯುವುದನ್ನೂ ಮುಂದೊಂದು ದಿನ ಬಿಡುತ್ತಾರೆ ಎಂದು ನಾನು ಆಶಿಸುತ್ತೇನೆ. ಹಾಗೆಯೇ ನಮ್ಮ ಇಲಾಖೆಯವರಲ್ಲಿ ನನ್ನ ಬೇಡಿಕೆ ಒಂದೇ: ಹೊಸ ಕಾರ್ಡು, ಹೊಸ ತರಬೇತಿ, ಹೊಸ ಹೆಸರಿನ ಕಾರ್ಯಕ್ರಮಗಳಿಗಿಂತ ಮೊದಲು ಪ್ರತಿ ನಲಿ-ಕಲಿ ಕೊಠಡಿಗೆ ಎರಡನೆಯ ಒಬ್ಬರನ್ನು ಕೊಡಿ. ಹಾಡಿಯಲ್ಲಿಯೇ ಹುಟ್ಟಿ, ಹತ್ತನೆಯ ತರಗತಿ ಮುಗಿಸಿ, ಮಕ್ಕಳ ಮನೆಮಾತನ್ನು ಬಲ್ಲ ಹೆಣ್ಣುಮಗಳೊಬ್ಬಳು ಆ ತಟ್ಟೆಯ ಪಕ್ಕದಲ್ಲಿ ದಿನಕ್ಕೆ ಮೂರು ಗಂಟೆ ಕುಳಿತಿದ್ದರೆ, ನಾನು ಪ್ರಗತಿ ಪುಸ್ತಕದಲ್ಲಿ ಆ ಪದವನ್ನು ಬರೆಯುತ್ತಿರಲಿಲ್ಲ.

ದಿಯುವಿನ ಹುಡುಗ ಹುಟ್ಟಿದ್ದು ಆಗಸ್ಟ್ ತಿಂಗಳಲ್ಲಿ. ಆ ಜೂನ್‌ನಲ್ಲಿ ಅವನು 40 ಪದಗಳಲ್ಲಿ 24ನ್ನು ಸರಿಯಾಗಿ ಓದಿದ. ವರದಿಯನ್ನು ಕೈಯಲ್ಲಿ ಹಿಡಿದು ಬಂದ ಅವನ ತಂದೆ, ರಾತ್ರಿಪಾಳಿ ಮುಗಿಸಿ ನೇರವಾಗಿ ಶಾಲೆಗೆ ಬಂದವರು, ಮಗ ನಪಾಸಾದನೇ ಎಂದು ಹಿಂದಿಯಲ್ಲಿ ಕೇಳಿದರು. ಫೆಬ್ರವರಿಯವರೆಗೆ ಮಾತೇ ಆಡದಿದ್ದ ಮಗು ನಾಲ್ಕು ತಿಂಗಳಲ್ಲಿ ಇಪ್ಪತ್ತನಾಲ್ಕು ಪದ ಓದಿದೆ ಎಂದು ಅವರಿಗೆ ಬಿಡಿಸಿ ಹೇಳುವುದಕ್ಕೆ ನನಗಿದ್ದ ಹತ್ತು ನಿಮಿಷ ಸಾಲಲಿಲ್ಲ; ಹೊರಗೆ ಮುಂದಿನ ತಾಯಿ ಕಾದಿದ್ದರು. ಅಕ್ಟೋಬರ್‌ನಲ್ಲಿ, ಎರಡನೇ ತರಗತಿಗೆ ಹೋಗಿದ್ದ ಅವನು ಒಂದು ಮಧ್ಯಾಹ್ನ ನನ್ನ ಕೊಠಡಿಯ ಬಾಗಿಲಿಗೆ ಪುಸ್ತಕ ಹಿಡಿದು ಬಂದು, ಒಂದು ಪುಟವನ್ನು ಪೂರ್ತಿ ಓದಿ ತೋರಿಸಿ ಹಿಂತಿರುಗಿದ. ದಾಖಲೆಯ ಪ್ರಕಾರ ಅವನು ಇನ್ನೂ ತಲುಪಿರಲಿಲ್ಲ, ಮುಂದಿನ ಪರೀಕ್ಷೆಗೆ ಎಂಟು ತಿಂಗಳಿತ್ತು. ನಾನು ನನ್ನ ಸ್ವಂತ ಪುಸ್ತಕವನ್ನು ತೆಗೆದು, ಹೆಗ್ಗಡದೇವನಕೋಟೆಯ ಶಾಲೆಯಲ್ಲಿ ಮಗು ಮೈಲಿಗಲ್ಲು ದಾಟಿದಾಗ ಬರೆಯುತ್ತಿದ್ದಂತೆ, ಅವನ ಹೆಸರನ್ನೂ ಆ ದಿನದ ತಾರೀಖನ್ನೂ ಕನ್ನಡದಲ್ಲಿ ಬರೆದುಕೊಂಡೆ.